ಸತ್ಯವೇದವನ್ನು ಓದುವವಳ ಕೈಗೆ ಬೇಕಾದ ಪುಸ್ತಕಗಳು

ಕಳೆದ ಬೇಸಗೆಯ ಒಂದು ಸಾಯಂಕಾಲ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು, ನಮಗಿಂತ ಬಹಳ ವರುಷ ಕಿರಿಯವಳು, ತನ್ನ ಮಗಳನ್ನು ಕರೆದುಕೊಂಡು ಶಹಾಪುರದಲ್ಲಿರುವ ನಮ್ಮ ಮನೆಗೆ ಬಂದಳು. ಮಗಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆ ಹೊಂದಿದ್ದಳು. ಆ ಸಂತೋಷಕ್ಕಾಗಿ ತಂದೆಯು ಪುಸ್ತಕ ಕೊಳ್ಳಲು ಅವಳಿಗೆ ಸ್ವಲ್ಪ ಹಣ ಕೊಟ್ಟಿದ್ದನು. ಹುಡುಗಿಗೆ ಸತ್ಯವೇದವನ್ನು ಕ್ರಮವಾಗಿ ಓದಬೇಕೆಂಬ ಆಶೆ. ಪುಸ್ತಕ ಮಾರುವವನೊಬ್ಬನು ಆರು ದಪ್ಪ ಸಂಪುಟಗಳ ಇಂಗ್ಲಿಷ್ ವ್ಯಾಖ್ಯಾನವನ್ನು ತೋರಿಸಿ, ಇದೊಂದು ಮನೆಯಲ್ಲಿದ್ದರೆ ಬೇರೆ ಯಾವದೂ ಬೇಕಾಗುವದಿಲ್ಲವೆಂದು ಹೇಳಿದ್ದನಂತೆ. "ತಗೋಬೇಕೋ ಬ್ಯಾಡೋ ನೀವು ಹೇಳ್ರಿ, ಅಕ್ಕೋರೆ" ಎಂದು ತಾಯಿ ಕೇಳಿದಳು.

ಆ ದಿನ ನಾವು ಹೇಳಿದ ಉತ್ತರವು ಅವಸರದ್ದು. ಈಗ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವವರು ನಮ್ಮಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿರುವದರಿಂದ, ಅದೇ ಉತ್ತರವನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇವೆ. ಹೆಣ್ಣುಮಕ್ಕಳಿಗೆ ಇಂಥ ಪುಸ್ತಕಗಳನ್ನು ಕೊಡಿಸಬೇಕೆಂದಿರುವ ತಂದೆತಾಯಿಗಳೂ ಇದನ್ನು ಓದುವರೆಂದು ನಂಬಿದ್ದೇವೆ. ಆದರೆ ಪುಸ್ತಕಗಳ ಮಾತಿಗೆ ಮೊದಲು ನಮ್ಮದೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದನ್ನು ಬಿಟ್ಟರೆ ಮುಂದಿನ ಮಾತುಗಳಿಗೆ ಆಧಾರವೇ ಇರುವದಿಲ್ಲ.

1964ನೆಯ ಇಸವಿಯಲ್ಲಿ ನಾವು ಎಂಟನೆಯ ತರಗತಿಯಲ್ಲಿದ್ದು ಬೋರ್ಡಿಂಗಿನಲ್ಲಿ ವಾಸಿಸುತ್ತಿದ್ದೆವು. ಸತ್ಯವೇದದ ಪಾಠಕ್ಕೆ ಆ ವರುಷ ರೂತಳ ಗ್ರಂಥವು ನೇಮಕವಾಗಿತ್ತು. ಎರಡನೆಯ ಅಧ್ಯಾಯದಲ್ಲಿ "ಹಕ್ಕಲು" ಎಂಬ ಮಾತು ಬಂದಾಗ ನಮ್ಮ ಉಪಾಧ್ಯಾಯಿನಿಯವರು ಸ್ವಲ್ಪ ತಡೆದರು. ಅವರು ಪಟ್ಟಣದಲ್ಲಿ ಬೆಳೆದವರು, ಬಹು ಒಳ್ಳೆಯವರು, ತಮಗೆ ತಿಳಿಯದ್ದನ್ನು ಹುಡುಕಿ ನೋಡುವವರು. ಮೇಜಿನ ಮೇಲಿದ್ದ ಇಂಗ್ಲಿಷ್ ಸತ್ಯವೇದವನ್ನೂ ಅಂಗೈಯಗಲದ ಒಂದು ನಿಘಂಟನ್ನೂ ತೆರೆದು ನೋಡಿ, "ಹಕ್ಕಲಾಯುವದು ಅಂದರೆ ಬೆಳೆಯನ್ನು ಕೂಡಿಸುವದು" ಎಂದು ಬರೆಯಿಸಿದರು. ಬರೆಯಿಸಿದ ಮೇಲೆ, "ಯಾರಿಗಾದರೂ ಬೇರೆ ಅರ್ಥ ಗೊತ್ತಿದೆಯೋ?" ಎಂದು ಕೇಳಿದರು.

ನಮಗೆ ಗೊತ್ತಿತ್ತು. ಸುಗ್ಗಿಯಾದ ಹೊಲದಲ್ಲಿ ಒಡೆಯರು ತೆನೆಯನ್ನು ಸಾಗಿಸಿಕೊಂಡು ಹೋದ ಮೇಲೆ, ನೆಲದಲ್ಲಿ ಬಿದ್ದುಳಿದ ಒಂದೊಂದು ತೆನೆಯನ್ನೂ ಬಡವರು ಬಗ್ಗಿ ಆರಿಸಿಕೊಳ್ಳುವದೇ ಹಕ್ಕಲು. ಅದೇ ವರುಷದ ಹಿಂಗಾರಿ ಜೋಳದ ಸುಗ್ಗಿಯಲ್ಲಿ ನಮ್ಮ ಅವ್ವನು ಸೆರಗನ್ನು ಉಡಿಕಟ್ಟಿಕೊಂಡು ಪರರ ಹೊಲಗಳಲ್ಲಿ ಹಕ್ಕಲಾಯ್ದಿದ್ದಳು. ಆದರೆ ನಮ್ಮ ಬಲಗಡೆ ಕುಳಿತವಳು ಸಭಾಪಾಲಕರ ಮಗಳು, ಎಡಗಡೆಯವಳ ತಂದೆ ಆಸ್ಪತ್ರೆಯಲ್ಲಿ ಕಂಪೌಂಡರು. ಎದ್ದು ನಿಂತು ಅರ್ಥ ಹೇಳುವದೆಂದರೆ ಆ ಅರ್ಥವು ನಮಗೆ ಎಲ್ಲಿಂದ ಬಂತೆಂಬದನ್ನೂ ಹೇಳಿದಂತೆಯೇ. ನಾವು ಏಳಲಿಲ್ಲ. ತಪ್ಪು ಅರ್ಥವನ್ನು ದುಂಡಾದ ಅಕ್ಷರಗಳಿಂದ ಶಾಯಿಯಲ್ಲಿ ಬರೆದುಕೊಂಡೆವು. ತರಗತಿಯ ಹುಡುಗಿಯರೆಲ್ಲರೂ ಹಾಗೆಯೇ ಬರೆದುಕೊಂಡರು.

ಇದು ಒಂದು ಪದದ ಅರ್ಥದ ಮಾತೆಂದು ತೋರಬಹುದು. ಆದರೆ ರೂತಳು ಬೆಳೆಯನ್ನು ಕೂಡಿಸಿದಳೆಂದರೆ ಅವಳು ಕೂಲಿಯವಳು, ದಿನದ ಕೊನೆಗೆ ಕೂಲಿಯನ್ನು ಪಡೆದು ಹೋಗುವವಳು ಎಂದಾಯಿತು. ಹಕ್ಕಲಾಯ್ದಳೆಂದರೆ ಅವಳಿಗೆ ಕೂಲಿಯೂ ಇಲ್ಲ. ಬಡವರಿಗೂ ಪರದೇಶಿಗಳಿಗೂ ಹೊಲದ ಅಂಚನ್ನು ಬಿಡಬೇಕೆಂದು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಆಜ್ಞೆಯೊಂದೇ ಅವಳಿಗೆ ಆಧಾರ. ಆ ಗ್ರಂಥದ ಕಥೆಯೆಲ್ಲಾ ಈ ಮಾತಿನ ಮೇಲೆ ನಿಂತಿದೆ. ಅದನ್ನು ಬಲ್ಲವಳೊಬ್ಬಳು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಬೇಸಗೆಯ ರಜೆಯಲ್ಲಿ ಊರಿಗೆ ಬಂದೆವು. ಶಾಲೆ ತೆರೆದ ಕೂಡಲೇ ಪರೀಕ್ಷೆಯಿದ್ದದರಿಂದ ರಾತ್ರಿ ಕಂದೀಲಿನ ಬೆಳಕಿನಲ್ಲಿ ರೂತಳ ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದೆವು. ಅವ್ವನು ಪಕ್ಕದಲ್ಲಿ ಕುಳಿತು ಮೊರದಲ್ಲಿ ಜೋಳವನ್ನು ಹಸನು ಮಾಡುತ್ತಿದ್ದಳು. ಅವಳಿಗೆ ಅಕ್ಷರಗಳು ಬಾರವು. ರೂತಳು ಸಾಯಂಕಾಲದ ವರೆಗೆ ಆಯ್ದು, ಬಡಿದು, ಅಳೆದಾಗ ಒಂದು ಏಫದಷ್ಟು ಜವೆಗೋದಿಯಾಯಿತೆಂಬ ಭಾಗಕ್ಕೆ ಬಂದಾಗ, "ಏಫ ಅಂದರ ಎಷ್ಟು?" ಎಂದು ಕೇಳಿದಳು. ಅದನ್ನು ಉಪಾಧ್ಯಾಯಿನಿಯವರು ಬರೆಯಿಸಿದ್ದರು. ಮೂಲೆಯಲ್ಲಿದ್ದ ಚಿಮಣಿ ಎಣ್ಣೆಯ ಡಬ್ಬಿಯನ್ನು ತೋರಿಸಿ, ಅದಕ್ಕಿಂತ ಸ್ವಲ್ಪ ಹೆಚ್ಚೆಂದು ಹೇಳಿದೆವು. (ಏಫವು ಸುಮಾರು 22 ಲೀಟರೆಂದು ಈಚಿನ ಅನೇಕ ನಿಘಂಟುಗಳು ಹೇಳುತ್ತವೆ, ಹಳೆಯವುಗಳಲ್ಲಿ ಇನ್ನೂ ಹೆಚ್ಚಿದೆ. ಡಬ್ಬಿಯಾದರೋ ನಾಲ್ಕು ಗ್ಯಾಲನ್ನಿನದು, 18 ಲೀಟರು.)

ಅವ್ವನು ಮೊರವನ್ನು ಕೆಳಗಿಟ್ಟಳು. "ಒಂದಿನಕ್ಕ ಒಬ್ಬಾಕಿಗೆ ಅಷ್ಟ್ ಹಕ್ಕಲ ಬರಂಗಿಲ್ಲ, ಯವ್ವಾ. ಯಾರೋ ಬೇಕಂತ ಕೆಡವ್ಯಾರ" ಎಂದಳು.

ನಾವು ಹಾಳೆಯನ್ನು ಹಿಂದಕ್ಕೆ ತಿರುಗಿಸಿದೆವು. ಪರೀಕ್ಷೆಗೆ ಬೇಕಾಗದೆಂದು ನಾವು ಹಾರಿಸಿಬಿಟ್ಟಿದ್ದ ಎರಡು ವಚನಗಳು ಅಲ್ಲಿದ್ದವು: ಅವಳಿಗೋಸ್ಕರ ಸಿವುಡುಗಳಿಂದಲೇ ತೆನೆಗಳನ್ನು ಕಿತ್ತು ನೆಲಕ್ಕೆ ಹಾಕಿರೆಂದು ಬೋವಜನು ತನ್ನ ಆಳುಗಳಿಗೆ ಗುಟ್ಟಾಗಿ ಅಪ್ಪಣೆ ಕೊಟ್ಟಿದ್ದನು. ಆಮೇಲೆ ನಾವು ಅನೇಕ ವ್ಯಾಖ್ಯಾನಗಳನ್ನು ಓದಿದ್ದೇವೆ. ಆ ವಚನವನ್ನು ಓದದೆಯೇ ಅದರ ಸಂಗತಿಯನ್ನು ಅಳತೆಯಿಂದ ಕಂಡುಹಿಡಿದ ವ್ಯಾಖ್ಯಾನಕಾರನನ್ನು ಮಾತ್ರ ಬೇರೆ ಎಲ್ಲಿಯೂ ಕಾಣಲಿಲ್ಲ.

ಆದಕಾರಣ, ಸೋದರಿಯರೇ, ಪುಸ್ತಕವನ್ನು ಅದರ ದಪ್ಪದಿಂದಾಗಲಿ ಬೆಲೆಯಿಂದಾಗಲಿ ಆರಿಸಬೇಡಿರಿ. ನಿಮಗೆ ಎದ್ದಿರುವ ಪ್ರಶ್ನೆ ಯಾವ ಜಾತಿಯದೆಂಬದನ್ನು ಮೊದಲು ನೋಡಿರಿ. ಪದದ ಅರ್ಥ ತಿಳಿಯದಿದ್ದರೆ ವ್ಯಾಖ್ಯಾನವನ್ನು ತೆರೆಯುವದು ವ್ಯರ್ಥ; ಊರು ಎಲ್ಲಿದೆಯೆಂದು ತಿಳಿಯಬೇಕಾದರೆ ನಿಘಂಟು ಸಾಲದು. ನಮ್ಮ ಹುಡುಗಿಯರಲ್ಲಿ ಹಲವರು ಪ್ರಶ್ನೆ ಹುಟ್ಟುವದಕ್ಕಿಂತ ಮೊದಲೇ ವ್ಯಾಖ್ಯಾನವನ್ನು ಓದಿಬಿಡುತ್ತಾರೆ. ಆಮೇಲೆ ಅವರಿಗೆ ಪ್ರಶ್ನೆಯೇ ಹುಟ್ಟುವದಿಲ್ಲ.

ಮೊದಲನೆಯ ಸಾಧನವು ಸತ್ಯವೇದವೇ. ಅಂಚಿನಲ್ಲಿ ಅಥವಾ ಅಡಿಯಲ್ಲಿ ಸೂಚಕ ವಚನಗಳನ್ನು ಅಚ್ಚಿಸಿದ ಪ್ರತಿಯನ್ನು ಕೊಳ್ಳಿರಿ. ರೂತಳ ಎರಡನೆಯ ಅಧ್ಯಾಯದಿಂದ ಯಾಜಕಕಾಂಡಕ್ಕೂ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯಕ್ಕೂ ಆ ಸಣ್ಣ ಅಂಕಿಗಳು ಕರೆದುಕೊಂಡು ಹೋಗುತ್ತವೆ, ಮತ್ತು ಸತ್ಯವೇದಕ್ಕೆ ಸತ್ಯವೇದವೇ ಅರ್ಥ ಹೇಳುವಂತೆ ಮಾಡುತ್ತವೆ. ಅಂದು ನಮ್ಮ ಉಪಾಧ್ಯಾಯಿನಿಯವರ ಮುಂದೆ ಇಂಥದೊಂದು ಕನ್ನಡ ಪ್ರತಿ ಇದ್ದಿದ್ದರೆ, ನಾವು ಸುಮ್ಮನಿದ್ದರೂ ಅರ್ಥವು ಹೊರಗೆ ಬರುತ್ತಿತ್ತು.

ಹಳೆಯ ಕನ್ನಡ ಭಾಷಾಂತರವು ಕಠಿನವೆಂದು ಈಗಿನ ಮಕ್ಕಳು ದೂರುತ್ತಾರೆ. ಅದು ಎಲ್ಲಿಂದ ಬಂತೆಂಬದನ್ನು ಅವರಿಗೆ ಯಾರೂ ಹೇಳುವದಿಲ್ಲ. ನಮ್ಮ ಶಹಾಪುರ ಸೀಮೆಯು 1948ರ ವರೆಗೆ ನಿಜಾಮರ ರಾಜ್ಯದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯ ವರೆಗೆ ಕಚೇರಿಯ ಭಾಷೆ ಉರ್ದು. ಈ ಕಡೆಯಲ್ಲಿ ಕೆಲಸ ಮಾಡಿದ ಅಮೇರಿಕದ ಮೆಥೊಡಿಸ್ಟ್ ಮಿಶನ್ನಿನವರು ನಮ್ಮ ಹಿರಿಯರ ಕೈಗೆ ಕೊಟ್ಟ ಕನ್ನಡ ಸತ್ಯವೇದವಾದರೋ ತುಂಗಭದ್ರೆಯ ಆಚೆಯಿಂದ ಬಂದದ್ದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ವಿಲಿಯಂ ರೀವ್ ಮೊದಲಾದವರ ಸಹಾಯದಿಂದ ಭಾಷಾಂತರವನ್ನು ಕೈಕೊಂಡರು. 1831ರ ಸುಮಾರಿಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆಯವರೂ ಇತರರೂ ಕುಳಿತು ಅದನ್ನು ತಿದ್ದಿದರು. ಬಳ್ಳಾರಿ, ಧಾರವಾಡ ಸೀಮೆಗಳ ಒಕ್ಕಲಿಗರ ನಡುವೆ ಬಾಳಿದ ಜನರಾದದರಿಂದ ಹಕ್ಕಲು, ಸಿವುಡು, ಕಣ, ಜವೆಗೋದಿ ಎಂಬ ಹೊಲದ ಮಾತುಗಳು ಅವರಿಗೆ ಸಿಕ್ಕಿದವು. ಈಚೆಗೆ ಸರಳ ಭಾಷೆಯ ಭಾಷಾಂತರಗಳೂ ಬಂದಿವೆ, ಅವುಗಳನ್ನು ನಾವು ಹೀನವೆಂದು ಹೇಳುವದಿಲ್ಲ. ಹಳೆಯದೊಂದನ್ನೂ ಹೊಸದೊಂದನ್ನೂ ಎದುರುಬದುರಾಗಿ ಇಟ್ಟುಕೊಂಡು ಓದಿರಿ. ಎಲ್ಲಿ ಅವೆರಡೂ ಬೇರೆ ಬೇರೆಯಾಗುತ್ತವೋ ಅಲ್ಲಿ ವಿಚಾರಿಸತಕ್ಕದ್ದು ಏನೋ ಇದೆಯೆಂದು ತಿಳಿಯಿರಿ.

ಗಡಿಸೀಮೆಯವರಾದ ನಮಗೆ ಇನ್ನೊಂದು ಅನುಕೂಲವುಂಟು. ನಮ್ಮ ಮನೆಗಳಲ್ಲಿ ತೆಲುಗು, ಮರಾಠಿ, ಉರ್ದುಗಳನ್ನು ಬಲ್ಲವರು ಇದ್ದೇ ಇರುತ್ತಾರೆ. ಬೋರ್ಡಿಂಗಿನಲ್ಲಿ ಗುರುಮಠಕಲ್ ಕಡೆಯ ಗೆಳತಿಯೊಬ್ಬಳ ತೆಲುಗು ಸತ್ಯವೇದದಲ್ಲಿ ಹಕ್ಕಲಿಗೆ "ಪರಿಗೆ" ಎಂದಿತ್ತು. ಮರಾಠಿಯಲ್ಲಿ ಅದು "ಸರವಾ". ಮೂರು ಭಾಷೆಗಳಲ್ಲಿಯೂ ಹೊಲದಿಂದ ಬಂದ ಸ್ವಂತ ಮಾತುಗಳೇ. ಇಂಥ ಹೋಲಿಕೆಗೆ ಹಣ ಖರ್ಚಿಲ್ಲ, ನೆರೆಮನೆಗೆ ಹೋಗಿ ಕೇಳುವಷ್ಟು ವಿನಯವಿದ್ದರೆ ಸಾಕು.

ಎರಡನೆಯದು ಕನ್ನಡ ನಿಘಂಟು. ಇದನ್ನು ಹೇಳಿದರೆ ಜನರು ಆಶ್ಚರ್ಯಪಡುತ್ತಾರೆ. ಸತ್ಯವೇದದ ನಿಘಂಟನ್ನು ಕೇಳಿದರೆ ನೀವು ಕನ್ನಡದ ನಿಘಂಟನ್ನು ಹೇಳುತ್ತೀರಲ್ಲಾ ಎನ್ನುತ್ತಾರೆ. ಆದರೆ ಕನ್ನಡ ಸತ್ಯವೇದವನ್ನು ಓದುವವಳು ಮೊದಲು ಎಡವುವದು ಕನ್ನಡದ ಮಾತಿನಲ್ಲಿಯೇ. ಬಳ್ಳಾರಿಯಲ್ಲಿ ಭಾಷಾಂತರಕ್ಕೆ ನೆರವಾದ ಆ ರೀವ್‌ರವರೇ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರೆಂಬದನ್ನು ನೆನೆದರೆ, ಆ ಎರಡು ಕೆಲಸಗಳೂ ಒಂದೇ ಮೇಜಿನ ಮೇಲೆ ನಡೆದವೆಂಬದು ತಿಳಿಯುವದು. ಅವರ ತರುವಾಯ ಫರ್ಡಿನಂಡ್ ಕಿಟ್ಟೆಲರು ಬಂದರು. 1853ರಲ್ಲಿ ಈ ದೇಶಕ್ಕೆ ಬಂದು, ಬಹು ವರುಷಗಳ ಶ್ರಮದಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಹಳಗನ್ನಡ ಕಾವ್ಯಗಳ ಮಾತುಗಳ ಸಂಗಡ ಧಾರವಾಡದ ಕಡೆಯ ಆಡುಮಾತುಗಳನ್ನೂ ಗಾದೆಗಳನ್ನೂ ಗುರುತು ಹಾಕಿ ಸೇರಿಸಿದ್ದಾರೆ. ಆದಕಾರಣವೇ ನಮ್ಮ ಕಡೆಯ ಓದುಗರಿಗೆ ಅದು ಹತ್ತಿರದ್ದಾಗಿ ತೋರುತ್ತದೆ. ಮದ್ರಾಸು ವಿಶ್ವವಿದ್ಯಾನಿಲಯದವರು ಮ. ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ ಅದನ್ನು 1968ರಿಂದ 1971ರೊಳಗೆ ನಾಲ್ಕು ಸಂಪುಟಗಳಾಗಿ ಪುನಃ ಪ್ರಕಟಿಸಿದರು. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಬೇಕಾದವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ. ಅದನ್ನು ಮನೆಗೆ ಕೊಳ್ಳಲಾರೆವು, ಆದರೆ ಒಳ್ಳೆಯ ಗ್ರಂಥಾಲಯದಲ್ಲಿ ನೋಡಬಹುದು.

ಅಂಗೈಯಗಲದ ಇಂಗ್ಲಿಷ್ ನಿಘಂಟುಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆಯಿರಲಿ. ಈ ಮಾತಿಗೆ ನಮ್ಮ ಎರಡನೆಯ ತಪ್ಪೇ ಸಾಕ್ಷಿ. ನಾವು ಭಾನುವಾರದ ಶಾಲೆಯಲ್ಲಿ ಕಲಿಸಲಾರಂಭಿಸಿದ ಹೊಸದರಲ್ಲಿ, ಶಿಷ್ಯರು ಸಬ್ಬತ್ ದಿನದಲ್ಲಿ ತೆನೆ ಕಿತ್ತು ತಿಂದ ಪಾಠಕ್ಕಾಗಿ ಒಂದು ಚಿತ್ರ ಬರೆದೆವು. 1611ರ ಇಂಗ್ಲಿಷ್ ಭಾಷಾಂತರದಲ್ಲಿ ಆ ಸ್ಥಳದಲ್ಲಿ "ಕಾರ್ನ್" ಎಂದಿದೆ. ನಮ್ಮ ಸಣ್ಣ ನಿಘಂಟಿನಲ್ಲಿ ಕಾರ್ನ್ ಅಂದರೆ ಮೆಕ್ಕೆಜೋಳವೆಂದಿತ್ತು. ನಾವು ಶಿಷ್ಯರ ಕೈಗೆ ಒಂದೊಂದು ಮೆಕ್ಕೆಜೋಳದ ದಿಂಡನ್ನು ಕೊಟ್ಟು ಬಣ್ಣ ತುಂಬಿದೆವು. ಹಿಂದೆ ಕುಳಿತಿದ್ದ ಒಬ್ಬ ಮುದುಕ ರೈತನು, "ಅಕ್ಕೋರೆ, ಮೆಕ್ಕಿಜೋಳದ ತೆನಿ ಅಂಗೈಯಾಗ ತಿಕ್ಕಿ ತಿನ್ಲಿಕ್ಕ ಬರ್ತದೇನ್ರಿ?" ಎಂದು ಕೇಳಿದನು. ಲೂಕನು ಆರನೆಯ ಅಧ್ಯಾಯದಲ್ಲಿ ಅವರು ಅಂಗೈಗಳಲ್ಲಿ ಹೊಸಕಿಕೊಂಡು ತಿಂದರೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಸೀತೆನಿ ತಿಂದು ಬೆಳೆದ ನಾವೇ ಅದನ್ನು ಮರೆತಿದ್ದೆವು! ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಎಂದರೆ ಯಾವ ಧಾನ್ಯವಾದರೂ ಆಗಬಹುದು, ಅಲ್ಲಿ ಗೋದಿ ಅಥವಾ ಜವೆಗೋದಿ. ಮೆಕ್ಕೆಜೋಳವು ಅಮೇರಿಕ ಖಂಡದ ಬೆಳೆ, ಕೊಲಂಬಸನು ಅಲ್ಲಿಗೆ ಹೋಗಿ ಬರುವದಕ್ಕಿಂತ ಮೊದಲು ಪಲೆಸ್ತೀನದಲ್ಲಿ ಅದನ್ನು ಕಂಡವರಿಲ್ಲ. ನಮ್ಮ ಕನ್ನಡ ಸತ್ಯವೇದದಲ್ಲಿ "ತೆನೆ" ಎಂದು ಸರಿಯಾಗಿಯೇ ಇತ್ತು. ಅದನ್ನು ಬಿಟ್ಟು ಇಂಗ್ಲಿಷಿನ ಕಡೆಗೆ ಓಡಿದ್ದು ನಮ್ಮ ಡಂಭ.

ಮೂರನೆಯದು ಪದಾನುಕ್ರಮಣಿಕೆ, ಅಂದರೆ ಒಂದು ಮಾತು ಸತ್ಯವೇದದಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ತೋರಿಸುವ ಪಟ್ಟಿ. ಇಂಗ್ಲಿಷಿನಲ್ಲಿ ಅಲೆಗ್ಸಾಂಡರ್ ಕ್ರೂಡನ್ ಎಂಬವನು ಒಬ್ಬನೇ ಕುಳಿತು ಇಂಥ ಗ್ರಂಥವನ್ನು ಮಾಡಿ 1737ರಲ್ಲಿ ಪ್ರಕಟಿಸಿ, ಕ್ಯಾರೊಲಿನ್ ರಾಣಿಗೆ ಅರ್ಪಿಸಿದನು. ಪಾಪ, ಸ್ವಲ್ಪ ದಿನಗಳಲ್ಲಿಯೇ ರಾಣಿ ತೀರಿಕೊಂಡಳು. ಅದಕ್ಕಿಂತ ಉಪಯುಕ್ತವಾದದ್ದು ಜೇಮ್ಸ್ ಸ್ಟ್ರಾಂಗರು 1890ರಲ್ಲಿ ಹೊರಡಿಸಿದ್ದು. ಅವರು ಅಮೇರಿಕದ ಮೆಥೊಡಿಸ್ಟರ ಡ್ರೂ ವೇದಶಾಸ್ತ್ರ ಶಾಲೆಯಲ್ಲಿ ಅಧ್ಯಾಪಕರಾಗಿದ್ದವರು. ಮೂಲ ಇಬ್ರಿಯ ಮತ್ತು ಗ್ರೀಕ್ ಪದಗಳಿಗೆ ಒಂದೊಂದು ಅಂಕಿಯನ್ನು ಕೊಟ್ಟು, ಆ ಭಾಷೆಗಳನ್ನು ತಿಳಿಯದವರೂ ಮೂಲಪದವನ್ನು ಹಿಂಬಾಲಿಸುವಂತೆ ಅವರು ಮಾಡಿದರು. ರೂತಳು ಹಕ್ಕಲಾಯ್ದದ್ದಕ್ಕೆ ಇರುವ ಇಬ್ರಿಯ ಮಾತು "ಲಾಕಟ್", ಅದರ ಅಂಕಿ 3950. ಆ ಅಂಕಿಯನ್ನು ಹಿಡಿದು ಹೋದರೆ ವಿಮೋಚನಕಾಂಡದ ಹದಿನಾರನೆಯ ಅಧ್ಯಾಯಕ್ಕೆ ಮುಟ್ಟುತ್ತೇವೆ. ಇಸ್ರಾಯೇಲ್ಯರು ಅರಣ್ಯದಲ್ಲಿ ಬೆಳಗಿನ ಹೊತ್ತು ಮನ್ನವನ್ನು ಕೂಡಿಸಿಕೊಂಡದ್ದಕ್ಕೂ ಅದೇ ಮಾತು! ಕನ್ನಡದಲ್ಲಿ ಅಲ್ಲಿ ಹಕ್ಕಲು ಎಂದಿಲ್ಲ, ಇಂಗ್ಲಿಷಿನಲ್ಲಿಯೂ ಬೇರೆ ಮಾತು. ಮೂಲದಲ್ಲಿ ಮಾತ್ರ ಆಕಾಶದಿಂದ ಬಿದ್ದ ಆಹಾರವನ್ನು ಆರಿಸಿಕೊಳ್ಳುವದೂ ಬೋವಜನ ಹೊಲದಲ್ಲಿ ಬಿದ್ದ ತೆನೆಯನ್ನು ಆರಿಸಿಕೊಳ್ಳುವದೂ ಒಂದೇ ಕ್ರಿಯೆ. ಇದನ್ನು ಕಂಡುಹಿಡಿದ ದಿನ ನಾವು ಬಹಳ ಹೊತ್ತು ಪುಸ್ತಕವನ್ನು ಮುಚ್ಚಲಿಲ್ಲ. ಅಷ್ಟರಲ್ಲಿ ಅವ್ವನು ಹೋಗಿ ಕೆಲವು ವರುಷಗಳಾಗಿದ್ದವು.

ಆದರೆ ಸ್ಟ್ರಾಂಗರ ಗ್ರಂಥವು ಇಂಗ್ಲಿಷ್ ಮಾತಿನಿಂದ ಒಳಗೆ ಹೋಗುವ ಬಾಗಿಲು. ಕನ್ನಡದ ಓದುಗಳು ಕನ್ನಡ ಮಾತನ್ನು ಇಂಗ್ಲಿಷ್ ಮಾಡಿ ಹುಡುಕಬಾರದು. ಅಧ್ಯಾಯವನ್ನೂ ವಚನವನ್ನೂ ಹಿಡಿದು ಆ ಸ್ಥಳದ ಅಂಕಿಯನ್ನು ನೋಡಬೇಕು. ಇಲ್ಲವಾದರೆ ಮೆಕ್ಕೆಜೋಳದ ಗತಿಯಾಗುತ್ತದೆ.

ಈಗ ಮೊಬೈಲಿನಲ್ಲಿಯೇ ಇಡೀ ಕನ್ನಡ ಸತ್ಯವೇದವು ದೊರೆಯುತ್ತದೆ, ಅದರಲ್ಲಿ ಪದವನ್ನು ಹುಡುಕಬಹುದು. ಇದನ್ನು ಮುದುಕರಾದ ನಾವೂ ಸಂತೋಷದಿಂದ ಉಪಯೋಗಿಸುತ್ತೇವೆ. ಅದರಲ್ಲಿ ಎರಡು ತೊಡಕುಗಳುಂಟು. ಕನ್ನಡದ ಮಾತು ವಿಭಕ್ತಿಯಿಂದಲೂ ಸಂಧಿಯಿಂದಲೂ ರೂಪ ಬದಲಿಸುತ್ತದೆ. "ಹಕ್ಕಲು" ಎಂದು ಬರೆದು ಹುಡುಕಿದರೆ "ಹಕ್ಕಲಾಯ್ದಳು" ಸಿಕ್ಕದು. "ಹಕ್ಕಲ" ಎಂದಿಷ್ಟೇ ಬರೆಯಬೇಕು. "ಕೊಡು" ಎಂದು ಹುಡುಕಿದರೆ "ಕೊಟ್ಟನು" ಎಂಬ ನೂರಾರು ಸ್ಥಳಗಳು ತಪ್ಪಿಹೋಗುತ್ತವೆ. ಇನ್ನೊಂದು, ಹಳೆಯ ಭಾಷಾಂತರದಲ್ಲಿ "ಮಾಡುವದು", "ಗೋದಿ" ಎಂದಿದೆ. ಈಗಿನ ಶಾಲೆಯ ಮಕ್ಕಳು "ಮಾಡುವುದು", "ಗೋಧಿ" ಎಂದು ಬರೆದು ಹುಡುಕಿ, ಸತ್ಯವೇದದಲ್ಲಿ ಗೋಧಿಯೇ ಇಲ್ಲವೆಂದು ನಮಗೆ ಬಂದು ಹೇಳುತ್ತಾರೆ. (ನಮ್ಮ ಕೈಯೂ ಹಳೆಯ ರೂಢಿಯಲ್ಲಿಯೇ ಇದೆಯೆಂಬದನ್ನು ಈ ಲೇಖನದಲ್ಲಿ ನೋಡುತ್ತಿದ್ದೀರಿ.)

ವ್ಯಾಖ್ಯಾನಗಳನ್ನು ನಾವು ಕೊನೆಗೆ ಇಟ್ಟಿದ್ದೇವೆ. ಮೆಥೊಡಿಸ್ಟರ ಮನೆಗಳಲ್ಲಿ ಜಾನ್ ವೆಸ್ಲಿಯವರ ಹೊಸ ಒಡಂಬಡಿಕೆಯ ಟಿಪ್ಪಣಿಗಳಿಗೆ ಗೌರವವುಂಟು. ಅವು 1755ರವು, ಜರ್ಮನಿಯ ವುರ್ಟೆಂಬರ್ಗಿನ ಬೆಂಗೆಲ್ ಎಂಬ ಪಂಡಿತನಿಗೆ ಬಹಳವಾಗಿ ಋಣಿಯಾದವು. ಮಂಗಳೂರಿನ ಕಡೆಗೆ ಬಂದ ಮೋಗ್ಲಿಂಗ್‌ರವರೂ ಆ ನಾಡಿನವರೇ. ಪುಸ್ತಕ ಮಾರುವವನು ತೋರಿಸಿದ ಆರು ಸಂಪುಟಗಳು ಮ್ಯಾಥ್ಯೂ ಹೆನ್ರಿಯವರದು. ಅವರು ಅಪೊಸ್ತಲರ ಕೃತ್ಯಗಳ ವರೆಗೆ ಬರೆದು 1714ರಲ್ಲಿ ತೀರಿಕೊಂಡರು, ಉಳಿದದ್ದನ್ನು ಇತರರು ಮುಗಿಸಿದರು. ಭಕ್ತಿಯ ಓದಿಗೆ ಅದು ಒಳ್ಳೆಯದೇ. ಆದರೆ ಯಾವ ಪುಸ್ತಕವನ್ನೇ ಆಗಲಿ ಕೊಳ್ಳುವ ಮೊದಲು ಅದು ಮೊದಲು ಬರೆಯಲ್ಪಟ್ಟ ವರುಷವನ್ನು ನೋಡಿರಿ. ಹಳೆಯ ಪುಸ್ತಕಗಳಿಗೆ ಹಕ್ಕುದಾರರಿಲ್ಲದ್ದರಿಂದ ಅವು ಹೊಸ ರಟ್ಟಿನಲ್ಲಿ ಅಗ್ಗವಾಗಿ ಬರುತ್ತವೆ, ಮೊಬೈಲಿನಲ್ಲಿ ಬಿಟ್ಟಿಯಾಗಿಯೂ ದೊರೆಯುತ್ತವೆ. 1947ರಿಂದ ಈಚೆಗೆ ಮೃತ ಸಮುದ್ರದ ಹತ್ತಿರದ ಗವಿಗಳಲ್ಲಿ ಸಿಕ್ಕಿದ ಸುರುಳಿಗಳ ವಿಷಯವು ಅವುಗಳಲ್ಲಿ ಹೇಗೆ ಇದ್ದೀತು? ನಮ್ಮ ನೆರೆಯಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಭೀಮಾನದಿಯ ದಡದ ಸನ್ನತಿಯಲ್ಲಿ ಕಾಳಿಕಾ ದೇವಾಲಯದ ಮಾಳಿಗೆ ಕುಸಿದ ತರುವಾಯ, 1980ರ ದಶಕದಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂತು. ಅದಕ್ಕಿಂತ ಮೊದಲು ಬರೆದ ಕಲಬುರಗಿಯ ಚರಿತ್ರೆಯು ಎಷ್ಟು ಪಾಂಡಿತ್ಯದ್ದಾದರೂ ಆ ಶಾಸನವನ್ನು ಅರಿಯದು.

ಟಿಪ್ಪಣಿಗಳನ್ನು ವಚನಗಳ ಅಡಿಯಲ್ಲಿಯೇ ಅಚ್ಚಿಸಿದ ಸತ್ಯವೇದಗಳಿಗೆ ಈಗ ಬಹಳ ಗಿರಾಕಿ. 1909ರ ಸ್ಕೋಫೀಲ್ಡನ ಪ್ರತಿಯಿಂದ ಈ ರೂಢಿ ಹರಡಿತು. ಅನುಕೂಲವೇನೋ ನಿಜ, ಆದರೂ ನಮಗೆ ಅವುಗಳ ಮೇಲೆ ಪೂರ್ಣ ಭರವಸೆಯಿಲ್ಲ. ಒಂದೇ ಹಾಳೆಯಲ್ಲಿ, ಒಂದೇ ಶಾಯಿಯಲ್ಲಿ ಇರುವದರಿಂದ ಯಾವದು ದೇವರ ವಾಕ್ಯ, ಯಾವದು ಮನುಷ್ಯನ ಅಭಿಪ್ರಾಯವೆಂಬದು ಓದುವವಳ ನೆನಪಿನಲ್ಲಿ ಕಲಸಿಹೋಗುತ್ತದೆ. ಲೋಕದ ಸೃಷ್ಟಿಗೆ ಕ್ರಿಸ್ತಪೂರ್ವ 4004ನೆಯ ವರುಷವೆಂದು ಆರ್ಚ್‌ಬಿಷಪ್ ಅಶರ್ ಎಣಿಸಿದ್ದನ್ನು ಇಂಗ್ಲಿಷ್ ಸತ್ಯವೇದಗಳ ಅಂಚಿನಲ್ಲಿ 1701ರಿಂದ ಅಚ್ಚಿಸುತ್ತಾ ಬಂದರು. ಅದು ಮೋಶೆಯೇ ಬರೆದ ತಾರೀಖೆಂದು ವಾದಿಸುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಶಹಾಪುರದ ಬೆಟ್ಟವನ್ನು ನೋಡಿದವರಿಗೆ ಇನ್ನೊಂದು ಮಾತು ಸುಲಭವಾಗಿ ತಿಳಿಯುವದು. ಹೆದ್ದಾರಿಯ ಒಂದು ಕಡೆಯಿಂದ ನೋಡಿದರೆ ಬುದ್ಧನು ಮಲಗಿದಂತೆ ಹಣೆ, ಮೂಗು, ಎದೆ ಎಲ್ಲವೂ ಕಾಣುತ್ತವೆ. ಊರೊಳಗಿಂದ ನೋಡಿದರೆ ಬರೀ ಬಂಡೆಗಳು. ವ್ಯಾಖ್ಯಾನಕಾರನು ಎಲ್ಲಿ ನಿಂತು ನೋಡಿದನೆಂಬದನ್ನು ಅವನ ಪೀಠಿಕೆಯಿಂದ ತಿಳಿದುಕೊಳ್ಳಿರಿ. ಪೀಠಿಕೆಯಿಲ್ಲದ ವ್ಯಾಖ್ಯಾನವನ್ನು ಕೊಳ್ಳಬೇಡಿರಿ.

ಭೂಪಟಕ್ಕೆ ಹೆಚ್ಚು ಮಾತು ಬೇಡ. ಸತ್ಯವೇದದ ಕೊನೆಯ ಹಾಳೆಗಳಲ್ಲಿರುವವುಗಳೇ ಸಾಕು, ಆದರೆ ಬೆಟ್ಟತಗ್ಗುಗಳ ಎತ್ತರವನ್ನು ತೋರಿಸುವ ಒಂದು ಪಟವಿರಲಿ. ಮೃತ ಸಮುದ್ರದ ನೀರಿನ ಮಟ್ಟವು ಕಡಲಿಗಿಂತ 400 ಮೀಟರಿಗಿಂತಲೂ ಕೆಳಗಿದೆ. ಬೇತ್ಲೆಹೇಮ್ ಕಡಲಿಗಿಂತ ಸುಮಾರು 775 ಮೀಟರು ಮೇಲಿದೆ. ಮೋವಾಬಿನಿಂದ ಇಳಿದು ಆ ತಗ್ಗನ್ನು ದಾಟಿ ಏರಿ ಬಂದ ಇಬ್ಬರು ವಿಧವೆಯರ ಕಾಲುಗಳ ಬಳಲಿಕೆಯನ್ನು ಬರೀ ಬಣ್ಣದ ಪಟವು ಹೇಳುವದಿಲ್ಲ.

ಕೊನೆಯದಾಗಿ, ಗೆರೆ ಹಾಕಿದ ಒಂದು ನೋಟುಬುಕ್ಕು. ಎಡಗಡೆಯ ಹಾಳೆಯಲ್ಲಿ ಪ್ರಶ್ನೆ. ಬಲಗಡೆಯ ಹಾಳೆಯಲ್ಲಿ ಉತ್ತರ, ಮತ್ತು ಅದು ಯಾವ ಪುಸ್ತಕದಿಂದ ಅಥವಾ ಯಾರ ಬಾಯಿಂದ ಬಂತೆಂಬದು. ಬಾಯಿಂದ ಬಂದದ್ದನ್ನೂ ಬರೆಯಿರಿ. ಕೃಷ್ಣಾ ಮೇಲ್ದಂಡೆಯ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯ ಜೋಳದ ಹೊಲಗಳೆಷ್ಟೋ ಬತ್ತದ ಗದ್ದೆಗಳಾಗಿವೆ, ಕೊಯ್ಯುವದಕ್ಕೆ ಯಂತ್ರಗಳು ಬರುತ್ತವೆ. ಹಕ್ಕಲು ಎಂಬದನ್ನು ಕಣ್ಣಿಂದ ನೋಡಿದವರು ಈಗ ಅಜ್ಜಿಯರು ಮಾತ್ರ. ಕಿಟ್ಟೆಲರ ನಿಘಂಟು ಇನ್ನೂ ನೂರು ವರುಷ ಇದ್ದೀತು, ಅಜ್ಜಿಯರು ಇರಲಾರರು. ಯಾವದನ್ನು ಮೊದಲು ವಿಚಾರಿಸಬೇಕೆಂಬದನ್ನು ನೀವೇ ಎಣಿಸಿಕೊಳ್ಳಿರಿ.

ಆ ಸಾಯಂಕಾಲ ನಾವು ಹುಡುಗಿಗೆ ಹೇಳಿದ್ದು ಇಷ್ಟೇ: ಆರು ಸಂಪುಟಗಳು ಬೇಡ; ಸೂಚಕ ವಚನಗಳುಳ್ಳ ಕನ್ನಡ ಸತ್ಯವೇದವನ್ನೂ ಒಂದು ಸರಳ ಭಾಷಾಂತರವನ್ನೂ ಕೊಂಡುಕೊ, ಹಣ ಉಳಿದರೆ ಕನ್ನಡ ನಿಘಂಟು, ಉಳಿಯದಿದ್ದರೆ ನಮ್ಮ ಕಿಟ್ಟೆಲನ್ನು ಬಂದು ನೋಡು. ಮಾತಿಗೆ ಮಾತು ಬಂದು ನಮ್ಮ 1964ರ ನೋಟುಬುಕ್ಕನ್ನೂ ತೆಗೆದು ತೋರಿಸಿದೆವು. "ಬೆಳೆಯನ್ನು ಕೂಡಿಸುವದು" ಎಂಬ ಶಾಯಿಯ ಅಕ್ಷರಗಳು ಕಂದುಬಣ್ಣಕ್ಕೆ ತಿರುಗಿವೆ. ಪಕ್ಕದಲ್ಲಿ ಆ ರಜೆಯಲ್ಲಿ ಸೀಸದಕಡ್ಡಿಯಿಂದ ಬರೆದ ಅವ್ವನ ಮಾತು ಇನ್ನೂ ಓದುವದಕ್ಕೆ ಬರುತ್ತದೆ. ಹುಡುಗಿಯು ಅದನ್ನು ಎರಡು ಸಾರಿ ಓದಿ, ತನ್ನ ತಾಯಿಯ ಕಡೆಗೆ ತಿರುಗಿ, "ಯವ್ವಾ, ನೀ ಹಕ್ಕಲ ಆಯ್ದಿ ಏನು?" ಎಂದು ಕೇಳಿದಳು.

ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಮ್ಮನ್ನು ನೋಡಿ, ಮಗಳನ್ನು ನೋಡಿ, "ಶೇಂಗಾದ್ದು ಆಯ್ದೀನಿ" ಎಂದಳು. "ಎರಡ್ ವರ್ಷ. ಶಾಲಿ ಫೀಜಿಗೆ."